ತೊಳೆದು ಕೊಟ್ಟ ಧೂಳು

೧೯೮೪ನೆಯ ಇಸವಿಯಲ್ಲಿ ರಾಯಚೂರಿನ ಆ ಕಾಲೇಜಿನಲ್ಲಿ ಪರಿಸರ ಮಾಲಿನ್ಯ ಎಂಬ ಹೊಸ ವಿಷಯವನ್ನು ಓದುತ್ತಿದ್ದ ವಿದ್ಯಾರ್ಥಿಗಳ ಒಟ್ಟು ಸಂಖ್ಯೆ ಒಂದು. ಆ ಒಂದರ ಹೆಸರು ಕಮರುನ್ನೀಸಾ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಯಾವುದಾದರೂ ಒಂದು ಐಚ್ಛಿಕ ವಿಷಯ ತೆಗೆದುಕೊಳ್ಳಬೇಕಿತ್ತು. ಉಳಿದ ಮೂವತ್ತೊಂದು ಜನ ರೇಷ್ಮೆಯನ್ನೋ ಮೀನನ್ನೋ ಆರಿಸಿಕೊಂಡರು. ಅವು ಕಣ್ಣಿಗೆ ಕಾಣುವಂಥವು, ಕೈಗೆ ಸಿಗುವಂಥವು. ಕಮರುನ್ನೀಸಾ ಮಾತ್ರ ಧೂಳು ಹೊಗೆಗಳ ಹಿಂದೆ ಹೋದಳು.

ಪಾಠ ಹೇಳುವವರು ಮಹಾಂತಯ್ಯ ಸರ್. ಈ ವಿಷಯವನ್ನು ಕಾಲೇಜಿಗೆ ತರಲು ಅವರು ಮೂರು ವರ್ಷ ಅರ್ಜಿ ಬರೆದಿದ್ದರು. ಬಂದ ಮೇಲೆ ಅದಕ್ಕೆ ಒಂದಿಷ್ಟೂ ಅವಮಾನವಾಗಬಾರದೆಂದು, ಎಂಬತ್ತು ಜನ ಕೂರುವ ಕೋಣೆಯಲ್ಲಿ ಕಟ್ಟೆಯ ಮೇಲೆ ನಿಂತು, ಹಿಂದಿನ ಬೆಂಚಿಗೂ ಕೇಳಿಸುವಂತೆ ಪಾಠ ಮಾಡುತ್ತಿದ್ದರು. ಮೊದಲು ಹಾಜರಿ. ಪುಸ್ತಕ ತೆರೆದು, ಕನ್ನಡಕ ಏರಿಸಿ, "ನಂಬರ್ ಒಂದು" ಎನ್ನುವರು. ಎದುರಿಗೇ ಕೂತ ಕಮರುನ್ನೀಸಾ "ಪ್ರೆಸೆಂಟ್ ಸರ್" ಎನ್ನುವಳು. ಯಾರೆಂದು ಒಮ್ಮೆ ಕಣ್ಣೆತ್ತಿ ನೋಡಿ, ಗುರುತು ಮಾಡಿ, ಪುಸ್ತಕ ಮುಚ್ಚುವರು. ಒಮ್ಮೆ ಅವಳಿಗೆ ಜ್ವರ ಬಂದಿತ್ತು. ಸರ್ ಮೂರು ಸಲ ಕೂಗಿ, ಗೈರು ಎಂದು ಬರೆದು, ತಯಾರಿಸಿಕೊಂಡು ಬಂದ ಪಾಠ ಹಾಳಾಗಬಾರದೆಂದು ಲ್ಯಾಬಿನ ಅಟೆಂಡರ್ ಪರಮಣ್ಣನನ್ನು ಕೂರಿಸಿಕೊಂಡು ಪೂರ್ತಿ ಒಂದು ಗಂಟೆ ಹೇಳಿದರು. ಮರುದಿನ ಪರಮಣ್ಣ ಅವಳನ್ನು ಬಾಗಿಲಲ್ಲೇ ತಡೆದು, ನಿನ್ನೆಯ ಪಾಠ ಗಂಧಕದ ಹೊಗೆಯದು, ಅದು ಬಹಳ ಕೆಟ್ಟದ್ದು, ಉಳಿದದ್ದು ತನಗೆ ತಿಳಿಯಲಿಲ್ಲ ಎಂದು ಹೇಳಿದ. ಅಷ್ಟನ್ನಾದರೂ ಮರೆಯದೆ ತಲುಪಿಸಿದನಲ್ಲ ಎಂದು ಅವಳಿಗೆ ಖುಷಿಯಾಯಿತು.

ಡಿಸೆಂಬರ್‌ನಲ್ಲಿ ಪ್ರಿನ್ಸಿಪಾಲರು ಸರ್ ಅವರನ್ನು ಕರೆಸಿ ಒಂದು ಮಾತು ಹೇಳಿದರು. ಮಾರ್ಚ್ ಹದಿನೈದರೊಳಗೆ ಆ ಹುಡುಗಿ ತಾನೇ ಅಳೆದ ಲೆಕ್ಕಗಳಿರುವ ವರದಿಯೊಂದನ್ನು ಕೊಡಬೇಕು. ಕೊಡದಿದ್ದರೆ ವಿಷಯ ಮುಚ್ಚಿತು, ಆ ಹುಡುಗಿ ಮುಂದಿನ ವರ್ಷ ಮೀನಿನ ವಿಷಯ ತೆಗೆದುಕೊಂಡು ಮತ್ತೆ ಮೊದಲಿನಿಂದ ಕೂರಲಿ. ಇದನ್ನು ಕಮರುನ್ನೀಸಾಗೆ ತಿಳಿಸುವಾಗ ಸರ್ ಅವಳ ಮುಖ ನೋಡಲಿಲ್ಲ, ಹಿಂದಿನ ಬೆಂಚು ನೋಡಿದರು. ಒಂದು ವರ್ಷ ಹೋಗುವುದು ಅವಳದ್ದು, ಮೂರು ವರ್ಷದ ಅರ್ಜಿ ಹೋಗುವುದು ಅವರದ್ದು.

ಅಳೆಯುವ ಕ್ರಮವೇನೋ ಸುಲಭ. ಅಗಲ ಬಾಯಿಯ ಗಾಜಿನ ಜಾಡಿಯಲ್ಲಿ ಎರಡು ಬೆರಳು ಶುದ್ಧ ನೀರು ಹಾಕಿ, ಮಾಳಿಗೆಯ ಮೇಲೆ ಮೂವತ್ತು ದಿನ ಇಡಬೇಕು. ಗಾಳಿಯ ಧೂಳು ಅದರಲ್ಲಿ ಬೀಳುತ್ತದೆ. ಆಮೇಲೆ ನೀರನ್ನು ಕಾಯಿಸಿ ಇಂಗಿಸಿ, ಉಳಿದದ್ದನ್ನು ತೂಗಿದರೆ ಆ ಊರಿನ ಗಾಳಿಯಲ್ಲಿ ಎಷ್ಟು ಧೂಳಿದೆ ಎಂದು ತಿಳಿಯುತ್ತದೆ. ಮೂರು ಊರುಗಳನ್ನು ಆರಿಸಿದರು. ರಾಯಚೂರಿನಲ್ಲಿ ಅವಳದೇ ಮನೆ. ಮಾನ್ವಿಯಲ್ಲಿ ಸರ್‌ನ ಹಳೆಯ ಸಹಪಾಠಿ ಗಡಿಗೆಪ್ಪನ ಮನೆ. ಅವನದು ಅಕ್ಕಿ ಗಿರಣಿ, ಮನೆ ಗಿರಣಿಗೆ ಹೊಂದಿಕೊಂಡೇ ಇತ್ತು. ದೇವದುರ್ಗದಲ್ಲಿ ಚನ್ನಮಲ್ಲಮ್ಮನ ಮನೆ. ಕಮರುನ್ನೀಸಾಳ ಅಬ್ಬಾ ಅಬ್ದುಲ್ ವಹೀದ್ ಬಟ್ಟೆ ವ್ಯಾಪಾರಿ. ದೇವದುರ್ಗದ ಸಂತೆಗೆ ಹೋದಾಗಲೆಲ್ಲ ಇಪ್ಪತ್ತು ವರ್ಷದಿಂದ ತನ್ನ ಬಟ್ಟೆಯ ಗಂಟುಗಳನ್ನು ಆಕೆಯ ಪಡಸಾಲೆಯಲ್ಲೇ ಇಡುತ್ತಿದ್ದ.

ಮಗಳು ಧೂಳು ಓದುತ್ತಿದ್ದಾಳೆಂದು ಅಬ್ಬಾ ಸಂತೆಯಲ್ಲಿ ಎಲ್ಲರಿಗೂ ಹೆಮ್ಮೆಯಿಂದ ಹೇಳಿದ್ದ. ಅದನ್ನು ಓದಲು ಕಾಲೇಜಿಗೆ ಯಾಕೆ ಹೋಗಬೇಕು, ನಮ್ಮಲ್ಲೇ ಬೇಕಾದಷ್ಟಿದೆ ಎಂದು ಕೆಲವರು ಮರುಕದಿಂದ ಹೇಳಿ ಕಳಿಸಿದ್ದರು.

ಕಾಲೇಜಿನಲ್ಲಿ ಜಾಡಿಗಳಿರಲಿಲ್ಲ. ಅವಳ ತಾಯಿ ಇಮಾಮ್ ಬೀ ಅಡುಗೆಮನೆಯಿಂದ ಉಪ್ಪಿನಕಾಯಿಯ ಎರಡು ಗಾಜಿನ ಜಾಡಿ ಕೊಟ್ಟಳು. ಮೂರನೆಯದನ್ನು ಪಕ್ಕದ ಮನೆಯ ರಂಜಾನಬಿಯಿಂದ ಕೇಳಿ ತಂದರು. ಲ್ಯಾಬಿನ ಶುದ್ಧ ನೀರನ್ನು ಪರಮಣ್ಣ ಒಂದು ದೊಡ್ಡ ಬಾಟಲಿಯಲ್ಲಿ ತುಂಬಿ, ಬಾಟಲಿ ವಾಪಸ್ ಬರಬೇಕು ಎಂದು ಮೂರು ಸಲ ಹೇಳಿ ಕೊಟ್ಟ. ಜನವರಿಯ ಕೊನೆಯಲ್ಲಿ ಕಮರುನ್ನೀಸಾ ಬಸ್ಸು ಹತ್ತಿ ಇಳಿದು, ಮೂರೂ ಮಾಳಿಗೆಗಳ ಮೇಲೆ ಮೂರು ಜಾಡಿ ಇಟ್ಟು, ಮೂವತ್ತು ದಿನ ಇದನ್ನು ಯಾರೂ ಮುಟ್ಟಬಾರದು ಎಂದು ಕೈ ಮುಗಿದು ಹೇಳಿ ಬಂದಳು.

ಯಾರೂ ಮುಟ್ಟಲಿಲ್ಲ. ಇಪ್ಪತ್ತೊಂಬತ್ತು ದಿನ ಯಾರೂ ಮುಟ್ಟಲಿಲ್ಲ.

ಮೂವತ್ತನೆಯ ದಿನ ಅವಳು ಮೊದಲು ಹೋದದ್ದು ದೇವದುರ್ಗಕ್ಕೆ. ಚನ್ನಮಲ್ಲಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಚಹಾ ಕುಡಿಸುತ್ತ ತಾನು ಜಾಡಿಯನ್ನು ಕಾಯ್ದ ಕತೆಯನ್ನೆಲ್ಲ ಹೇಳಿದಳು. ಕಾಗೆ ಓಡಿಸಿದ್ದು, ಎರಡು ಸಲ ಮಂಗ ಓಡಿಸಿದ್ದು, ಜಾಡಿಗೆ ಕಾಲು ತಾಗೀತೆಂದು ಮನೆಯ ಯಜಮಾನನಿಗೆ ಒಂದು ತಿಂಗಳು ಮಾಳಿಗೆ ಹತ್ತಲು ಬಿಡದಿದ್ದದ್ದು. ಕಮರುನ್ನೀಸಾಗೆ ಕಣ್ಣು ತುಂಬಿ ಬಂದವು. ಆಮೇಲೆ ಚನ್ನಮಲ್ಲಮ್ಮ ಒಳಗಿನಿಂದ ಜಾಡಿ ತಂದು ಮಡಿಲಲ್ಲಿಟ್ಟಳು. ಬೂದಿ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಜಾಡಿ ಹೊಸದರಂತೆ ಹೊಳೆಯುತ್ತಿತ್ತು. ಅದರ ತುಂಬ, ಕಂಠದವರೆಗೆ, ರೊಟ್ಟಿಗೆ ನೆಂಚಿಕೊಳ್ಳುವ ಖಾರದ ಶೇಂಗಾ ಹಿಂಡಿ.

"ಹೆಣ್ಣುಮಗಳ ಜಾಡಿ, ಖಾಲಿ ಹೆಂಗ ಕಳಸ್ಲಿ?" ಎಂದಳು ಚನ್ನಮಲ್ಲಮ್ಮ. "ಮುಂಜಾನಿ ಕುಟ್ಟಿದ್ದು ಅದ."

ಒಳಗಿದ್ದ ನೀರು ಏನಾಯಿತು ಎಂದು ಕಮರುನ್ನೀಸಾ ಮೆಲ್ಲಗೆ ಕೇಳಿದಳು.

"ಗಟಾರಕ್ಕ ಚೆಲ್ಲಿದೆ. ಅಯ್ಯ ಮಗಳ, ಎಷ್ಟು ಧೂಳಿತ್ತಂತಿ. ನೋಡಿದ್ರ ಗಾಬರಿ ಆಗತಿದ್ದಿ ನೀನು."

ಕಮರುನ್ನೀಸಾ ಆ ಧೂಳನ್ನು ನೋಡಿ ಗಾಬರಿಯಾಗುವ ಭಾಗ್ಯಕ್ಕಾಗಿಯೇ ಐವತ್ತು ಕಿಲೋಮೀಟರು ಬಂದಿದ್ದಳು. ಆದರೆ ಆ ಮುಖ ನೋಡಿ ಏನು ಹೇಳುವುದು? ಹಿಂಡಿ ಬಹಳ ಚೆನ್ನಾಗಿ ಕಾಣುತ್ತಿದೆ ಎಂದು ಹೇಳಿ, ಜಾಡಿಯನ್ನು ಕೂಸಿನಂತೆ ಎತ್ತಿಕೊಂಡು ಬಸ್ಸು ಹತ್ತಿದಳು.

ಮಾನ್ವಿಯಲ್ಲಿ ಗಡಿಗೆಪ್ಪ ಶುಭ್ರವಾದ ಧೋತರ ಉಟ್ಟು ಕುರ್ಚಿ ಹಾಕಿಸಿದ್ದ. ಕಾಲೇಜಿನಿಂದ ಪರೀಕ್ಷೆಯ ಜಾಡಿ ಬಂದಿದೆ, ಹೊಲಸಾಗಿ ವಾಪಸ್ ಹೋದರೆ ಗಿರಣಿಯ ಮರ್ಯಾದೆ ಏನಾಗಬೇಕೆಂದು ಅವನು ಹೆಂಡತಿ ಬಸವಂತಮ್ಮನಿಗೆ ಹಿಂದಿನ ದಿನವೇ ತಾಕೀತು ಮಾಡಿದ್ದನಂತೆ. ಆಕೆ ಅದನ್ನು ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಹೊಸ ಅಕ್ಕಿ ತುಂಬಿ, ಬಾಯಿಗೊಂದು ತೆಂಗಿನಕಾಯಿ ಇಟ್ಟಿದ್ದಳು. ನಮ್ಮ ಮಿಲ್ಲು ಪಾಸಾಯಿತೇ ಎಂದು ಗಡಿಗೆಪ್ಪ ಕೇಳಿದ. ಕಮರುನ್ನೀಸಾ ಜಾಡಿಯಲ್ಲಿ ಹುಡುಕಿದಳು. ಒಂದು ಕಣ ಧೂಳಿರಲಿಲ್ಲ. ಅಕ್ಕಿಯಲ್ಲಿ ಒಂದು ಕಲ್ಲೂ ಇರಲಿಲ್ಲ.

ಬಸ್ಸು ಕಲ್ಮಲದಲ್ಲಿ ನಿಂತಾಗ ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಎರಡು ಹೋದರೆ ಹೋಗಲಿ, ಸ್ವಂತ ಮನೆಯ ಜಾಡಿಯಂತೂ ಇದೆ. ಅಮ್ಮಿಗೆ ಚಿತ್ರ ಬರೆದು ವಿವರಿಸಿದ್ದೆ. ಒಂದಾದರೂ ಲೆಕ್ಕ ಸಿಕ್ಕಿದರೆ ಏನಾದರೂ ಬರೆಯಬಹುದು. ಮನೆ ಮುಟ್ಟಿದವಳೇ ಎರಡೆರಡು ಮೆಟ್ಟಿಲು ಹಾರಿ ಮಾಳಿಗೆ ಹತ್ತಿದಳು. ಜಾಡಿ ಇದ್ದ ಜಾಗದಲ್ಲಿ ಒಂದು ದುಂಡನೆಯ ಗುರುತಿತ್ತು.

ಜಾಡಿ ರಂಜಾನಬಿಯದಾಗಿತ್ತಲ್ಲ. ಮೂವತ್ತು ದಿನವಾಯಿತೆಂದು ಲೆಕ್ಕ ಹಿಡಿದು, ಇಮಾಮ್ ಬೀ ಅದನ್ನು ಬೆಳಿಗ್ಗೆಯೇ ತೊಳೆದು, ತುಂಬ ರವೆ ಉಂಡೆ ಹಾಕಿ ವಾಪಸ್ ಕೊಟ್ಟಿದ್ದಳು. ಇನ್ನೊಬ್ಬರ ಸಾಮಾನು ಒಂದು ದಿನ ಹೆಚ್ಚು ಇಟ್ಟುಕೊಂಡರೂ ತನಗೆ ನಿದ್ದೆ ಬರುವುದಿಲ್ಲ ಎಂದು ಅವಳು ಮನೆಯ ದಖನಿ ಉರ್ದುವಿನಲ್ಲಿ ಶಾಂತವಾಗಿ ಹೇಳಿದಳು.

ಮರುದಿನ ಕಮರುನ್ನೀಸಾ ಲ್ಯಾಬಿನ ಮೇಜಿನ ಮೇಲೆ ಎರಡು ಜಾಡಿ ಇಟ್ಟು ನಡೆದದ್ದನ್ನು ಹೇಳಿದಳು. ಮಹಾಂತಯ್ಯ ಸರ್ ಶೇಂಗಾ ಹಿಂಡಿಯ ಜಾಡಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಬೈದ್ಯಾ ಅವರಿಗೆ?" ಎಂದು ಕೇಳಿದರು.

"ಇಲ್ಲ ಸರ್. ಹೆಂಗ ಬೈಲಿ? ಮಂಗ್ಯಾ ಓಡಿಸ್ಯಾರ."

"ಚಲೋ ಮಾಡಿದಿ," ಎಂದರು ಸರ್. ಆಮೇಲೆ ಪರಮಣ್ಣನಿಗೆ ಒಂದು ಚಮಚ ತರಲು ಹೇಳಿದರು. ಪರಮಣ್ಣ ಚಮಚದ ಜೊತೆ ತನ್ನ ಬುತ್ತಿಯ ರೊಟ್ಟಿಯನ್ನೂ ತಂದ. ಮೂವರೂ ಕೂತು ತಿಂದರು. ವಿಜ್ಞಾನದ ಶಿಸ್ತು ತಪ್ಪಬಾರದೆಂದು ಸರ್ ದಾಖಲೆ ಪುಸ್ತಕದಲ್ಲಿ ಬರೆದರು: ಮಾದರಿ ಒಂದು, ದೇವದುರ್ಗ. ಧೂಳು, ಸೊನ್ನೆ. ಶೇಂಗಾ ಹಿಂಡಿ, ಆರುನೂರು ಗ್ರಾಂ. ಬಳ್ಳೊಳ್ಳಿ ತುಸು ಹೆಚ್ಚು.

ವರದಿಗೆ ಉಳಿದದ್ದು ಹದಿನಾರು ದಿನ. ಮತ್ತೆ ಮೂವತ್ತು ದಿನ ಜಾಡಿ ಇಡುವಂತಿರಲಿಲ್ಲ. ಪ್ರಿನ್ಸಿಪಾಲರಲ್ಲಿ ಇನ್ನೊಂದು ತಿಂಗಳು ಕೇಳಲು ಸರ್ ಹೋದರು, ಹೋದ ಹಾಗೆಯೇ ಬಂದರು. ಆ ದಿನ ಹಾಜರಿ ಕೂಗುವಾಗ ಅವರ ದನಿ ಹಿಂದಿನ ಬೆಂಚಿನ ತನಕ ಹೋಗಲಿಲ್ಲ.

ಸಂಜೆ ಕಮರುನ್ನೀಸಾ ಮಾಳಿಗೆಯ ಮೇಲೆ ಹೋಗಿ ಆ ದುಂಡನೆಯ ಗುರುತಿನ ಪಕ್ಕದಲ್ಲೇ ಕೂತಳು. ಮೀನಿನ ಪುಸ್ತಕ ಯಾರಲ್ಲಿ ಸಿಗುತ್ತದೆ ಎಂದು ಯೋಚಿಸುತ್ತ, ಅಲ್ಲಿದ್ದ ನಿಂಬೆಕಾಯಿ ಉಪ್ಪಿನಕಾಯಿಯ ಪಿಂಗಾಣಿ ಜಾಡಿಗೆ ಒರಗಿದಳು. ಒಗೆದ ಬಟ್ಟೆ ತೆಗೆಯಲು ಬಂದ ಇಮಾಮ್ ಬೀ ದೂರದಿಂದಲೇ ಗದರಿದಳು. ಜಾಡಿಗೆ ತಾಗಬೇಡ, ಮೇಲಿನ ಬಟ್ಟೆಯ ಧೂಳು ಅಲುಗಿ ಒಳಗೆ ಹೋದರೆ ಕಾಯಿ ಕೆಡುತ್ತದೆ. ಎರಡು ಬಟ್ಟೆ ಯಾಕೆ ಕಟ್ಟಿದ್ದೇನೆಂದು ತಿಳಿದಿದ್ದೀಯ? ಒಳಗಿನದು ಕಾಯಿಗೆ, ಮೇಲಿನದು ಧೂಳಿಗೆ. ಇಷ್ಟು ಓದಿ ಇಷ್ಟೂ ಗೊತ್ತಿಲ್ಲವೇ?

ಕಮರುನ್ನೀಸಾ ನಿಧಾನಕ್ಕೆ ತಿರುಗಿ ಜಾಡಿಯ ಬಾಯಿ ನೋಡಿದಳು. ಬಿಗಿಯಾಗಿ ಕಟ್ಟಿದ್ದ ಬಿಳಿ ಬಟ್ಟೆ ಬೂದು ಬಣ್ಣಕ್ಕೆ ತಿರುಗಿತ್ತು. ಎಂದು ಕಟ್ಟಿದ್ದು ಎಂದು ಕೇಳಿದಳು. ಗ್ಯಾರವಿ ಹಬ್ಬದ ಮರುದಿನ ಎಂದಳು ಅಮ್ಮಿ. ಅಂದಿನಿಂದ ಮುಟ್ಟಿಲ್ಲವೇ? ಎರಡು ತಿಂಗಳು ತುಂಬದೆ ಉಪ್ಪಿನಕಾಯಿಯ ಬಟ್ಟೆಯನ್ನು ಯಾರು ಮುಟ್ಟುತ್ತಾರೆ ಎಂದು ಅಮ್ಮಿ ಅವಳ ಹಣೆಯ ಮೇಲೆ ಕೈಯಿಟ್ಟು ಜ್ವರ ನೋಡಿದಳು.

ದೇವದುರ್ಗದ ಮಾಳಿಗೆಯಲ್ಲಿ ತನ್ನ ಜಾಡಿಯನ್ನು ಇಟ್ಟದ್ದು ಚನ್ನಮಲ್ಲಮ್ಮನ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲೇ. ಮಾನ್ವಿಯಲ್ಲೂ ಒಂದಿತ್ತು. ಇಬ್ಬರೂ ಯುಗಾದಿಗೆ ಬಿಚ್ಚುವವರು. ಕಾಲೇಜಿನ ಜಾಡಿಯನ್ನು ಪ್ರೀತಿಯಿಂದ ತೊಳೆದವರು ಉಪ್ಪಿನಕಾಯಿಯ ಬಟ್ಟೆಯನ್ನು ಭಯಕ್ಕೆ ಮುಟ್ಟಿರಲಾರರು.

ಬೆಳಿಗ್ಗೆ ಸರ್ ಇದನ್ನು ಕೇಳಿ ಎದ್ದು ನಿಂತರು, ಮತ್ತೆ ಕೂತರು. ಬಟ್ಟೆಯ ಮೊದಲಿನ ತೂಕ ಗೊತ್ತಿಲ್ಲವಲ್ಲ ಎಂದರು. ಕೊಳೆ ಸಮೇತ ತೂಗಿ, ತೊಳೆದು ಒಣಗಿಸಿ ಮತ್ತೆ ತೂಗಿದರೆ, ಕಡಿಮೆಯಾದದ್ದೇ ಧೂಳು ಎಂದಳು ಕಮರುನ್ನೀಸಾ. ಉಪ್ಪು ಹತ್ತಿರುವುದಿಲ್ಲವೇ? ಅದು ಒಳಗಿನ ಬಟ್ಟೆಗೆ ಸರ್. ಜಾಡಿಯ ಬಾಯಿ ಒಂದೊಂದು ಅಳತೆಯವು? ದಾರ ಸುತ್ತಿ ಅಳೆಯೋಣ ಸರ್. ಕಟ್ಟಿದ ದಿನ ಬೇರೆ ಬೇರೆ? ದಿನಗಳಿಂದ ಭಾಗಿಸೋಣ. ಇನ್ನು ಕೇಳುವುದೇನೂ ಉಳಿಯದೆ ಸರ್ ತಮ್ಮ ಜೇಬಿನಿಂದ ಬಸ್ಸಿನ ಹಣ ತೆಗೆದು ಕೊಟ್ಟರು.

ದೇವದುರ್ಗದಲ್ಲಿ ಚನ್ನಮಲ್ಲಮ್ಮ ಏನೂ ಕೇಳದೆ ಬಟ್ಟೆ ಬಿಚ್ಚಿದಳು. ಸಂಕ್ರಾಂತಿಯ ಮರುದಿನ ಕಟ್ಟಿದ್ದೆಂದು ತಡವರಿಸದೆ ಹೇಳಿದಳು. ಎಲ್ಲ ಸರಿಯಿತ್ತು. ಬಟ್ಟೆಯನ್ನು ಹಿಡಿದ ಆಕೆಯ ಕೈ ಮಾತ್ರ ತನ್ನಷ್ಟಕ್ಕೆ ತಾನೇ ನೀರಿನ ಕೊಡದ ಕಡೆಗೆ ಹೋಯಿತು. ಕಮರುನ್ನೀಸಾ ಹಾರಿ ಆ ಕೈ ಹಿಡಿದಳು.

"ಬಿಡು ಯವ್ವಾ. ಹೊಲಸು ಬಟ್ಟಿ ಹೆಂಗ ಕೊಡ್ಲಿ ನಿನಗ?"

"ಹೊಲಸೇ ಬೇಕು ದೊಡ್ಡವ್ವ. ಅದೇ ನನ್ನ ಪಾಠ."

"ಮಂದಿ ಏನಂದಾರು? ಚನ್ನಮಲ್ಲವ್ವ ಹೊಲಸು ಬಟ್ಟಿ ಕೊಟ್ಟಾಳಂದ್ರ?"

ಇಬ್ಬರೂ ಬಟ್ಟೆಯ ಒಂದೊಂದು ತುದಿ ಹಿಡಿದುಕೊಂಡೇ ಒಪ್ಪಂದಕ್ಕೆ ಬಂದರು. ಈಗ ಕೊಳೆಯ ಸಮೇತ ಕೊಡುವುದು. ತೂಗಿದ ಮೇಲೆ ಕಮರುನ್ನೀಸಾ ಅದನ್ನು ವಾಪಸ್ ತರುವುದು, ಚನ್ನಮಲ್ಲಮ್ಮನೇ ತನ್ನ ಕೈಯಾರೆ ತೊಳೆಯುವುದು. ಬೇರೆ ಯಾರೂ ತೊಳೆಯಕೂಡದು. ಬಟ್ಟೆಯನ್ನು ಕಾಗದದಲ್ಲಿ ಮಡಿಸಿಟ್ಟ ಮೇಲೂ ಚನ್ನಮಲ್ಲಮ್ಮನಿಗೆ ಸಮಾಧಾನವಿರಲಿಲ್ಲ. ಬರಿ ಬಟ್ಟೆ ಕೊಡುವುದು ಹೇಗೆ ಎಂದು ಒಂದು ಅಚ್ಚು ಬೆಲ್ಲವನ್ನು ಅದರೊಳಗೆ ಕಟ್ಟಲು ಹೊರಟಳು. ಕಮರುನ್ನೀಸಾ ಓಡಿ ಹೋಗಿ ಸೆರಗು ಒಡ್ಡಿದಳು.

ಮಾನ್ವಿಯಲ್ಲಿ ಬಸವಂತಮ್ಮ ಎಳ್ಳಮಾವಾಸ್ಯೆಗೆ ಕಟ್ಟಿದ ಬಟ್ಟೆ ಬಿಚ್ಚಿ ತಂದಳು. ಅದು ಬೂದು ಬಣ್ಣವೂ ಅಲ್ಲ, ಕಂಬಳಿಯ ಬಣ್ಣ. ಗಿರಣಿಯ ಹೊಟ್ಟು, ಬೂದಿ ಎಲ್ಲ ಅದರ ಮೇಲೆ ಒಂದು ಪದರಾಗಿ ಕೂತಿತ್ತು. ಗಡಿಗೆಪ್ಪ, ತನ್ನ ಮನೆಯದೇ ಎಲ್ಲಕ್ಕಿಂತ ಹೆಚ್ಚು ತೂಗುತ್ತದೆ ಎಂದು ಕೇಳಿ ಮೀಸೆ ತಿರುವಿದ. ಬಸವಂತಮ್ಮ ಬಟ್ಟೆಯನ್ನು ಬೆಳಕಿಗೆ ಹಿಡಿದಳು, ಆಮೇಲೆ ಗಂಡನನ್ನು ನೋಡಿದಳು.

ಇಷ್ಟೆಲ್ಲ ಆಗಿ, ತೂಗಿ, ಅವರವರ ಮನೆಯಲ್ಲೇ ತೊಳೆಸಿಕೊಂಡು ಬಂದು, ಮೂರೂ ಬಟ್ಟೆ ಒಣಗಿಸಿ ಗಾಜಿನ ಪೆಟ್ಟಿಗೆಯ ತಕ್ಕಡಿಯಲ್ಲಿಟ್ಟರೆ ಹೊಸದೊಂದು ಕಷ್ಟ. ದೇವದುರ್ಗದ ಬಟ್ಟೆ ಹಗುರಾಗಿತ್ತು. ರಾಯಚೂರಿನದು ಇನ್ನಷ್ಟು ಹಗುರಾಗಿತ್ತು. ಮಾನ್ವಿಯ ಬಟ್ಟೆ ಮಾತ್ರ ತೊಳೆದ ಮೇಲೆ ಮೊದಲಿಗಿಂತ ಭಾರವಾಗಿತ್ತು. ಸರ್ ಮೂರು ಸಲ ತೂಗಿದರು. ಲೆಕ್ಕದ ಪ್ರಕಾರ ಅಕ್ಕಿ ಗಿರಣಿಯ ಪಕ್ಕದ ಗಾಳಿಯಲ್ಲಿ ಧೂಳು ಸೊನ್ನೆಗಿಂತ ಕಡಿಮೆ. ಮರುದಿನ ಬೆಳಿಗ್ಗೆ ವರದಿ ಕೊಡಬೇಕು.

ಪರಮಣ್ಣ ಬಂದು ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿದ. ಅದು ಹಪ್ಪಳದ ಹಾಗೆ ನೆಟ್ಟಗೆ ನಿಂತಿತು.

"ಗಂಜಿ ಹಾಕ್ಯಾರ್ರೀ ಸರ್," ಎಂದ. "ಇಸ್ತ್ರಿನೂ ಮಾಡ್ಯಾರ."

ಕಾಲೇಜಿಗೆ ಹೋಗುವ ಬಟ್ಟೆ ಮುದುಡಿಕೊಂಡು ಹೋಗಬಾರದೆಂದು ಬಸವಂತಮ್ಮ ಮನೆಯ ಅಕ್ಕಿಯ ಗಟ್ಟಿ ಗಂಜಿಯಲ್ಲಿ ಅದ್ದಿದ್ದಳು. ಮಹಾಂತಯ್ಯ ಸರ್ ಕೋಟು ಕಳಚಿ, ತೋಳು ಮಡಿಸಿ, ಬಕೆಟ್ ಮುಂದೆ ಕುಕ್ಕರಗಾಲಲ್ಲಿ ಕೂತರು. ಕಮರುನ್ನೀಸಾ ಬೇಡವೆಂದರೂ ಕೇಳಲಿಲ್ಲ. ಬಿಸಿನೀರಿನಲ್ಲಿ ಐದು ಸಲ ಜಾಲಿಸಿದರು. ಮನೆಯಲ್ಲಿ ಎಂದೂ ಬಟ್ಟೆ ಒಗೆದವರಲ್ಲವೆಂದು ಹಿಂಡುವ ರೀತಿಯಲ್ಲೇ ತಿಳಿಯುತ್ತಿತ್ತು. ಪರಮಣ್ಣ ಮುಖ ತಿರುಗಿಸಿಕೊಂಡು, ನೋಡದವನ ಹಾಗೆ ಕಿಟಕಿ ಒರೆಸಿದ. ಬಟ್ಟೆ ಒಣಗಿತು. ತೂಕ ಇಳಿಯಿತು. ಮಾನ್ವಿಯ ಮಾಳಿಗೆಯ ಮೇಲೆ ಬೀಳುವ ಧೂಳು ದೇವದುರ್ಗದ ಹನ್ನೊಂದು ಪಟ್ಟು.

ವರದಿ ಹದಿನೈದರಂದೇ ಮೇಜಿನ ಮೇಲಿತ್ತು. ಏಪ್ರಿಲ್‌ನಲ್ಲಿ ಧಾರವಾಡದಿಂದ ಬಂದ ಪರೀಕ್ಷಕರು, ಬಿಳಿ ಕೂದಲಿನ ಹಿರಿಯರು, ಅದನ್ನು ಓದುತ್ತ ಒಂದು ಕೋಷ್ಟಕದ ಹತ್ತಿರ ನಿಂತರು. ಮಾದರಿ ಆರಂಭಿಸಿದ ದಿನಾಂಕ ಎಂಬಲ್ಲಿ ಸಂಕ್ರಾಂತಿಯ ಮರುದಿನ, ಎಳ್ಳಮಾವಾಸ್ಯೆ, ಗ್ಯಾರವಿಯ ಮರುದಿನ ಎಂದಿತ್ತು. ಇಂಗ್ಲಿಷ್ ತಾರೀಕುಗಳು ಪಕ್ಕದಲ್ಲಿದ್ದವು. ಮಾದರಿ ತೊಳೆದವರು ಎಂಬಲ್ಲಿ ಮೂವರು ಹೆಂಗಸರ ಹೆಸರು, ಮಾನ್ವಿಯ ಮುಂದೆ ಬಸವಂತಮ್ಮ ಮತ್ತು ಮಹಾಂತಯ್ಯ ಎಂದಿತ್ತು.

ಬಟ್ಟೆಯಲ್ಲಿ ಧೂಳು ಉಳಿದಿಲ್ಲವೆಂದು ಹೇಗೆ ಹೇಳುತ್ತೀಯಮ್ಮ ಎಂದು ಅವರು ಕೇಳಿದರು.

"ನಾನು ಮೂರು ಸಲಕ್ಕೇ ಸಾಕಂದೆ ಸರ್," ಎಂದಳು ಕಮರುನ್ನೀಸಾ. "ಚನ್ನಮಲ್ಲಮ್ಮ ಏಳು ಸಲ ತೊಳದ್ರು. ನೀಲಿ ಹಾಕ್ತೀನಿ ಅಂದ್ರು, ಅದೊಂದು ಬ್ಯಾಡ ಅಂತ ಕಾಲು ಬಿದ್ದೆ."

ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ತಾಯಿಯೂ ಎರಡು ಬಟ್ಟೆ ಕಟ್ಟುತ್ತಿದ್ದಳು ಎಂದರು. ನೂರಕ್ಕೆ ಎಂಬತ್ತೆರಡು ಕೊಟ್ಟರು.

ಅದೇ ಏಪ್ರಿಲ್‌ನಲ್ಲಿ ಗಡಿಗೆಪ್ಪನಿಂದ ಸರ್‌ಗೆ ಒಂದು ಪತ್ರ ಬಂತು. ಯುಗಾದಿಯ ದಿನ ಊಟಕ್ಕೆ ಕೂತಾಗ ಬಸವಂತಮ್ಮ ಅವನ ಎಲೆಗೆ ಉಪ್ಪಿನಕಾಯಿಯ ಬದಲು ಗಿರಣಿಯ ಬೂದಿಯನ್ನು ಒಂದು ಚಿಟಿಕೆ ಬಡಿಸಿ, ಇಷ್ಟು ವರ್ಷ ಉಂಡದ್ದು ಇದೇ ಅಲ್ಲವೇ ಎಂದಳಂತೆ. ಹೊಟ್ಟು ಹಾರುವ ಬಾಯಿಗೆ ತಗಡಿನ ಗೂಡು ಕಟ್ಟಿ, ಒದ್ದೆ ಗೋಣಿಯ ಪರದೆ ಇಳಿಬಿಡುವ ತನಕ ಉಪ್ಪಿನಕಾಯಿ ಇಲ್ಲವೆಂದು ಜಾಡಿಯನ್ನು ಬೀಗ ಹಾಕಿ ಇಟ್ಟಳಂತೆ. ಹನ್ನೆರಡು ದಿನ ತಡೆದೆ, ಆಮೇಲೆ ತಗಡು ತರಿಸಿದೆ ಎಂದು ಬರೆದಿದ್ದ.

ಜೂನ್‌ನಲ್ಲಿ ಕಮರುನ್ನೀಸಾಗೆ ಪರಮಣ್ಣನ ಬಾಟಲಿಯ ನೆನಪಾಯಿತು. ತೊಳೆದು ಒಣಗಿಸಿ ಚೀಲದಲ್ಲಿಟ್ಟುಕೊಂಡಳು. ಬಾಗಿಲು ದಾಟಿದವಳು ನಿಂತಳು. ಒಂದು ಸಲ ಬಾಟಲಿ ನೋಡಿದಳು, ಹಿಂದಿರುಗಿ ಅಡುಗೆಮನೆಗೆ ಹೋದಳು.

ಕಾಲೇಜಿನ ಓಣಿಯಲ್ಲಿ ನಡೆಯುವಾಗ ಆ ದೊಡ್ಡ ಕೋಣೆಯಿಂದ ಸರ್‌ನ ದನಿ ಕೇಳಿಸಿತು. "ನಂಬರ್ ಒಂದು." ಯಾರೋ ಪ್ರೆಸೆಂಟ್ ಎಂದರು. ಪುಸ್ತಕ ಮುಚ್ಚಿದ ಸದ್ದು.

"ಸರ್," ಎಂದಿತು ಒಂದು ಹುಡುಗಿಯ ದನಿ, "ನಾವೂ ಅದೀವ್ರೀ. ಇನ್ನೂ ಐದು ಮಂದಿ."

ಪುಸ್ತಕ ಮತ್ತೆ ತೆರೆದ ಸದ್ದಾಗುವವರೆಗೆ ಕಮರುನ್ನೀಸಾ ಗೋಡೆಗೆ ಒತ್ತಿ ನಿಂತಿದ್ದಳು. ಆಮೇಲೆ ಲ್ಯಾಬಿಗೆ ಹೋಗಿ ಬಾಟಲಿ ಕೊಟ್ಟಳು. ಪರಮಣ್ಣ ಅದನ್ನು ಬೆಳಕಿಗೆ ಹಿಡಿದು, ಒಳಗಿದ್ದ ನಿಂಬೆಕಾಯಿಯ ಹೋಳುಗಳನ್ನು ಎಣಿಸಿ, ಮುಖ ಬಿಗಿ ಹಿಡಿದು ಒಂದು ಚೀಟಿ ಅಂಟಿಸಿದ. ಅದರ ಮೇಲೆ ಬರೆದ: ಮಾದರಿ ನಾಲ್ಕು. ತೊಳೆಯಬಾರದು.